ಈರುಳ್ಳಿಗೆ ಏಳು ಗೀಟು

ಪರದೆಯ ಮೇಲೆ ಒಂದು ಗುಂಡು. ನೆತ್ತಿಯಲ್ಲಿ ಮೂರು ಕೂದಲು, ಬುಡದಲ್ಲಿ ನಾಲ್ಕು. ಬಿಡಿಸುತ್ತಿದ್ದದ್ದು ನಾನೇ. ಲ್ಯಾಪ್‌ಟಾಪಿನ ಮೌಸ್ ಹಿಡಿದು ಗುಂಡಗೆ ಒಂದು ಗೆರೆ ಎಳೆಯೋದು ಎಷ್ಟು ಕಷ್ಟ ಅಂತ ಎಳೆದವರಿಗೇ ಗೊತ್ತು. ನನ್ನ ಗುಂಡು ಒಂದು ಕಡೆ ಜಜ್ಜಿದ ಚೊಂಬಿನ ಹಾಗಿತ್ತು.

ಪಕ್ಕದ ಚಾಟ್‌ನಲ್ಲಿ ಊಹೆಗಳು ಉದುರತೊಡಗಿದವು. ಬಲ್ಬು. ಅಜ್ಜನ ತಲೆ. ಮೂಲಂಗಿ. ತೆಂಗಿನಕಾಯಿ. ನಾನು ಗುಂಡಿನೊಳಗೆ ಇನ್ನೊಂದು ಗುಂಡು, ಅದರೊಳಗೆ ಮತ್ತೊಂದು ಎಳೆದೆ. ಪಕ್ಕದಲ್ಲಿ ಒಂದು ಕಣ್ಣು, ಕಣ್ಣಿನಿಂದ ಎರಡು ಹನಿ ನೀರು.

"ಉಳ್ಳಾಗಡ್ಡಿ!" ಅಂತ ಹುಬ್ಬಳ್ಳಿಯವನು ಕಿರುಚಿದ. ಟೈಪೂ ಮಾಡಿದ. ಸರಿಯುತ್ತರಕ್ಕೆ ಬೀಳೋ ಹಸಿರು ಬರಲಿಲ್ಲ. ಮತ್ತೆ ಟೈಪ್ ಮಾಡಿದ. "ಯಾಕ ತೊಗೊಳವಲ್ತಲೇ ಇದು? ಬರೋಬ್ಬರಿ ಬರದೀನಿ!"

ಅಷ್ಟರಲ್ಲಿ ಮಂಗಳೂರಿನವಳು "ನೀರುಳ್ಳಿ" ಅಂತ ಹಾಕಿದಳು. ಅದಕ್ಕೂ ಹಸಿರು ಬರಲಿಲ್ಲ. "ಎಂತ ಮಾರಾಯಾ, ನೀರುಳ್ಳಿಯೇ ಅಲ್ವಾ ಅದು? ಮತ್ತೆ ಎಂತ?"

ಇಬ್ಬರೂ ಹೇಳಿದ್ದು ಸರಿ. ಎದುರಿಗಿದ್ದದ್ದು ಅದೇ ವಸ್ತು. ಆದರೆ ಪದಗಳ ಪಟ್ಟಿ ಮಾಡಿದ್ದು ನಾನು, ನಾನು ಹಾಸನದ ಕಡೆಯವನು, ಪಟ್ಟಿಯಲ್ಲಿ ಇದ್ದದ್ದು "ಈರುಳ್ಳಿ". ಎಂಬತ್ತು ಸೆಕೆಂಡು ಮುಗಿಯಿತು. ಯಾರಿಗೂ ಅಂಕ ಇಲ್ಲ. ಆಮೇಲೆ ಅರ್ಧ ಗಂಟೆ ನಡೆದದ್ದು ಆಟ ಅಲ್ಲ, ಜಗಳ.

*

ಇದು 2020ರ ಏಪ್ರಿಲ್ ಮಾತು. ಆ ವರ್ಷ ಯುಗಾದಿ ಮಾರ್ಚ್ 25ಕ್ಕೆ ಬಿದ್ದಿತ್ತು. ಹಿಂದಿನ ರಾತ್ರಿಯೇ ಇಪ್ಪತ್ತೊಂದು ದಿನದ ಲಾಕ್‌ಡೌನ್ ಘೋಷಣೆ ಆಗಿ, ಹಬ್ಬದ ದಿನ ಬೆಳಗ್ಗೆ ಬೇವು ಬೆಲ್ಲ ಬಾಯಿಗೆ ಹಾಕಿಕೊಳ್ಳುವಾಗ ಬೆಂಗಳೂರಿನ ನಮ್ಮ ರಸ್ತೆಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಹಬ್ಬಕ್ಕೆ ಅಂತ ಊರಿಂದ ಬಂದಿದ್ದ ಅಮ್ಮ ನಮ್ಮ ಮನೆಯಲ್ಲೇ ಸಿಕ್ಕಿಹಾಕಿಕೊಂಡರು. ತಂದಿದ್ದದ್ದು ನಾಲ್ಕು ಸೀರೆ. ಇದ್ದದ್ದು ಎರಡು ತಿಂಗಳ ಮೇಲೆ.

ಕಾಲೇಜಿನ ಆರು ಜನರ ವಾಟ್ಸಾಪ್ ಗುಂಪು ಒಂದಿತ್ತು. ಅಲ್ಲಿವರೆಗೆ ಅದರಲ್ಲಿ ಹುಟ್ಟುಹಬ್ಬದ ಶುಭಾಶಯ, ಯಾರೋ ಕಳಿಸಿದ ವಿಡಿಯೊ, ಅಷ್ಟೇ. ಲಾಕ್‌ಡೌನಿನ ಎರಡನೇ ವಾರ ತೀರ್ಥಹಳ್ಳಿಯವನು ಒಂದು ಲಿಂಕ್ ಹಾಕಿದ. ಬ್ರೌಸರ್‌ನಲ್ಲೇ ಆಡೋ ಆಟ. ಏನೂ ಡೌನ್‌ಲೋಡ್ ಬೇಡ, ಲಾಗಿನ್ ಬೇಡ. ಒಬ್ಬರಿಗೆ ಮೂರು ಪದ ತೋರಿಸುತ್ತದೆ, ಅದರಲ್ಲಿ ಒಂದನ್ನು ಆರಿಸಿ ಚಿತ್ರ ಬಿಡಿಸಬೇಕು. ಉಳಿದವರು ಅದೇನು ಅಂತ ಟೈಪ್ ಮಾಡಬೇಕು. ಬೇಗ ಹೇಳಿದವರಿಗೆ ಜಾಸ್ತಿ ಅಂಕ. ತಡವಾದಷ್ಟೂ ಕಮ್ಮಿ. ಬಿಡಿಸಿದವರಿಗೂ ಪಾಲು ಉಂಟು. ಅಕ್ಷರ ಬರೆದು ತೋರಿಸಿದರೆ ಅದು ಮೋಸ. ಇಂಥ ಆಟಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ, ಎಲ್ಲದರ ಜೀವಾಳವೂ ಇದೇ.

ಭಾನುವಾರ ರಾತ್ರಿ ಎಂಟು ಗಂಟೆ ಅಂತ ನಿಗದಿ ಆಯ್ತು. ಡಲ್ಲಾಸ್‌ನಲ್ಲಿರೋ ತುಮಕೂರಿನ ಗೆಳೆಯನಿಗೆ ಆಗ ಬೆಳಗ್ಗೆ ಒಂಬತ್ತೂವರೆ. ಅವನು ಕಾಫಿ ಲೋಟ ಹಿಡಿದು ಕೂರುತ್ತಿದ್ದ, ನಾವು ಮಜ್ಜಿಗೆ ಲೋಟ ಹಿಡಿದು. ಇನ್ನೊಂದು ಆ್ಯಪ್‌ನಲ್ಲಿ ವಿಡಿಯೊ ಕರೆ ಹಾಕಿ ಇಟ್ಟುಕೊಳ್ಳುತ್ತಿದ್ದೆವು. ಆಟದ ಮುಕ್ಕಾಲು ಮಜಾ ಇದ್ದದ್ದು ಆ ಕರೆಯಲ್ಲೇ. ನಲವತ್ತು ನಿಮಿಷಕ್ಕೊಮ್ಮೆ ಅದು ಕಟ್ ಆಗುತ್ತಿತ್ತು. ಆ ನಡುವೆ ಒಬ್ಬೊಬ್ಬರೂ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದೆವು. ಸಿನಿಮಾದ ಇಂಟರ್‌ವಲ್ ಇದ್ದ ಹಾಗೆ.

ಮೊದಲೆರಡು ವಾರ ಅದರಲ್ಲಿದ್ದ ಇಂಗ್ಲಿಷ್ ಪದಗಳಲ್ಲೇ ಆಡಿದೆವು. ಇಗ್ಲೂ. ಸ್ನೋಮ್ಯಾನ್. ಮಾರ್ಷ್‌ಮ್ಯಾಲೋ. ಆರು ಜನರಲ್ಲಿ ಐದು ಜನ ಇಗ್ಲೂ ಕಂಡವರಲ್ಲ, ಆದರೂ ಎಲ್ಲರೂ ಸರಾಗ ಬಿಡಿಸಿದೆವು, ಎಲ್ಲರೂ ಸರಾಗ ಹೇಳಿದೆವು. ಕಾಮಿಕ್ಸು, ಕಾರ್ಟೂನು ನೋಡಿ ಬೆಳೆದದ್ದರ ಫಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಒಬ್ಬಳು ನಿಜವಾಗಿ ಚೆನ್ನಾಗಿ ಚಿತ್ರ ಬರೆಯುತ್ತಾಳೆ. ಮೈಸೂರಿನವಳು. ಕಾಲೇಜಿನ ಎಲ್ಲ ಪೋಸ್ಟರು, ಎಲ್ಲ ರಂಗೋಲಿ ಅವಳದ್ದೇ. ಈ ಆಟದಲ್ಲಿ ಪ್ರತಿ ಸಲ ಕೊನೆಯಲ್ಲಿ ಇರುತ್ತಿದ್ದದ್ದೂ ಅವಳೇ! ಕುದುರೆ ಬಂದರೆ ಮೊದಲು ಗೊರಸು ಬಿಡಿಸುತ್ತಿದ್ದಳು, ಗೊರಸಿಗೆ ನೆರಳು ಹಾಕುತ್ತಿದ್ದಳು. ಅರವತ್ತು ಸೆಕೆಂಡು ಕಳೆದರೂ ಪರದೆಯ ಮೇಲೆ ಒಂದು ಸುಂದರವಾದ ಕಾಲು ಮಾತ್ರ. ಹುಬ್ಬಳ್ಳಿಯವನು ನಾಲ್ಕು ಕಡ್ಡಿಯ ಮೇಲೆ ಒಂದು ಡಬ್ಬ ಇಟ್ಟು, ಹಿಂದೆ ಬಾಲ ಎಳೆದು, ಅದರ ಮುಂದೆ ಹುಲ್ಲು ಹಾಕಿ ಎಂಟು ಸೆಕೆಂಡಲ್ಲಿ ಕುದುರೆ ಅನ್ನಿಸುತ್ತಿದ್ದ. ಅದು ಕುದುರೆಯೇ ಯಾಕೆ, ಕತ್ತೆ ಯಾಕಲ್ಲ ಅಂತ ಕೇಳಬೇಡಿ. ಅವನು ಕತ್ತೆ ಬಿಡಿಸಿದ್ದರೆ ಪಕ್ಕದಲ್ಲಿ ಬಟ್ಟೆ ಗಂಟು ಇರುತ್ತಿತ್ತು ಅಂತ ನಮಗೆ ಗೊತ್ತು.

*

ಕನ್ನಡದಲ್ಲಿ ಆಡೋಣ ಅಂದವಳು ಮಂಗಳೂರಿನವಳು. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆದರೆ ನಮ್ಮದೇ ಪದಗಳನ್ನು ಕಾಮಾ ಹಾಕಿ ಹಾಕಿ ತುಂಬಿಸೋ ಒಂದು ಚೌಕ ಇತ್ತು. ನಾನು ಐವತ್ತು ಪದ ಟೈಪ್ ಮಾಡಿದೆ. ಒಂದು ಕಡೆ ಕಾಮಾ ಬಿಟ್ಟುಹೋಗಿ "ಕೊಡೆಬಾವಲಿ" ಅಂತ ಒಂದು ಹೊಸ ಪ್ರಾಣಿ ಹುಟ್ಟಿತು. ತೀರ್ಥಹಳ್ಳಿಯವನು ಅದನ್ನೂ ಬಿಡಿಸಿದ.

ಆಟದಲ್ಲಿ ಪದಕ್ಕೆ ಎಷ್ಟು ಅಕ್ಷರವೋ ಅಷ್ಟು ಗೀಟು ಮೇಲೆ ತೋರಿಸುತ್ತದೆ. ಹೊತ್ತು ಕಳೆದಂತೆ ಒಂದೊಂದು ಅಕ್ಷರ ಬಿಟ್ಟುಕೊಡುತ್ತದೆ. ಕನ್ನಡ ಹಾಕಿದ ತಕ್ಷಣ ಎಡವಟ್ಟಾಯ್ತು. "ಕಾಗೆ"ಗೆ ನಾಲ್ಕು ಗೀಟು. "ಈರುಳ್ಳಿ"ಗೆ ಏಳು. "ಎತ್ತಿನಗಾಡಿ"ಗೆ ಹತ್ತು! ನಾವು ಹತ್ತು ಅಕ್ಷರದ ಪದ ಯಾವುದಪ್ಪಾ ಅಂತ ತಲೆ ಕೆರೆದುಕೊಳ್ಳುತ್ತಾ ಕೂತರೆ, ಸುಳಿವು ಅಂತ ಒಂದು ಗೀಟಿನ ಜಾಗದಲ್ಲಿ ಚುಕ್ಕೆಚುಕ್ಕೆಯ ಬಳೆಗೆ ಅಂಟಿಕೊಂಡ ಒಂದು ಗುಡಿಸು ಬಂತು. ಬರೀ ಗುಡಿಸು. ಅದರ ಕೆಳಗೆ ಅಕ್ಷರವೇ ಇಲ್ಲ.

ಡಲ್ಲಾಸ್‌ನವನಿಗೆ ಇದೇ ಕಸುಬು. ಅವನು ಬಿಡಿಸಿ ಹೇಳಿದ. ಕಂಪ್ಯೂಟರಿಗೆ ಎಲ್ಲ ಭಾಷೆಯ ಅಕ್ಷರ ಕಲಿಸೋ ಯೂನಿಕೋಡ್ ಅನ್ನೋ ಪಟ್ಟಿಯಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೆ ಅದು ನಾವು ಓದುವ ಹಾಗೆ ಅಕ್ಷರವನ್ನು ಇಡಿಯಾಗಿ ಇಟ್ಟುಕೊಂಡಿಲ್ಲ. ಬಿಡಿಬಿಡಿಯಾಗಿ ಇಟ್ಟುಕೊಂಡಿದೆ. "ಕಾ" ಅಂದರೆ ಒಂದು ಕ, ಅದರ ಪಕ್ಕ ಒಂದು ಇಳಿ. "ಳ್ಳಿ" ಅಂದರೆ ಒಂದು ಳ, ಅದನ್ನು ಅರ್ಧಕ್ಕೆ ನಿಲ್ಲಿಸುವ ಒಂದು ಗುರುತು, ಇನ್ನೊಂದು ಳ, ಆಮೇಲೆ ಗುಡಿಸು. ಒಟ್ಟು ನಾಲ್ಕು. ನಮ್ಮ ಕಣ್ಣಿಗೆ ಕಾಣೋದು ಒಂದೇ ಅಕ್ಷರ. ಆಟ ಮಾಡಿದವರು ಕನ್ನಡವನ್ನು ಮನಸ್ಸಲ್ಲಿ ಇಟ್ಟುಕೊಂಡು ಮಾಡಿರಲಿಲ್ಲ, ಇದ್ದ ತುಣುಕುಗಳನ್ನು ಎಣಿಸಿ ಗೀಟು ಹಾಕಿಬಿಟ್ಟಿತ್ತು.

ಇದನ್ನು ಕೇಳಿಸಿಕೊಳ್ಳುತ್ತಿದ್ದ ಅಮ್ಮ, ಅವರೆಕಾಳು ಹಿಸುಕುತ್ತಲೇ, "ಹಾಗಾದ್ರೆ ಅದು ಕಾಗುಣಿತ ಹೇಳ್ತಿದೆ ಬಿಡು" ಅಂದರು. ಹೌದಲ್ವಾ! ಒಂದನೇ ಕ್ಲಾಸಲ್ಲಿ ಮೇಷ್ಟ್ರು ಹೇಳಿಸುತ್ತಿದ್ದದ್ದು ಇದನ್ನೇ. ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ. ಆಮೇಲೆ ಕೊಂಬು, ಎತ್ವ, ಒತ್ತು. ಆ ಯಂತ್ರ ಪಾಪ ಇನ್ನೂ ಒಂದನೇ ಕ್ಲಾಸಲ್ಲೇ ಇದೆ. ಕೂಡಿಸಿ ಓದೋದು ಬಂದಿಲ್ಲ, ಅಷ್ಟೇ.

ಗೊತ್ತಾದ ಮೇಲೆ ನಾವು ಅದನ್ನೇ ಲಾಭ ಮಾಡಿಕೊಂಡೆವು. ಗೀಟು ಜಾಸ್ತಿ ಇದ್ದರೆ ಒತ್ತಕ್ಷರ ಇರೋ ಪದ. "ಅಜ್ಜಿ"ಗೆ ಐದು, "ಹೂವು"ಗೆ ನಾಲ್ಕು. ಹುಬ್ಬಳ್ಳಿಯವನಂತೂ ಬೆರಳು ಮಡಚಿ ಎಣಿಸುತ್ತಾ ಕೂರುತ್ತಿದ್ದ, ಲಘು ಗುರು ಹಾಕುವವರ ಹಾಗೆ.

ಈರುಳ್ಳಿ ಜಗಳದಲ್ಲೂ ಇದರ ಪಾಲಿತ್ತು. ಉತ್ತರಕ್ಕೆ ಒಂದೇ ಒಂದು ಅಕ್ಷರ ತಪ್ಪಿದ್ದರೆ ಆಟ "ಹತ್ತಿರ ಇದ್ದೀರಿ" ಅಂತ ಹೇಳುತ್ತದೆ. ನೀರುಳ್ಳಿಗೂ ಈರುಳ್ಳಿಗೂ ನಮ್ಮ ಕಣ್ಣಲ್ಲಿ ಮೊದಲ ಅಕ್ಷರ ಒಂದೇ ತಾನೇ ಬೇರೆ? ಯಂತ್ರದ ಲೆಕ್ಕದಲ್ಲಿ ಎರಡು. "ಈ" ಅನ್ನೋದು ಒಂದು ತುಣುಕು, "ನೀ" ಅನ್ನೋದು ಎರಡು. ಹಾಗಾಗಿ ಹತ್ತಿರ ಇದ್ದೀರಿ ಅನ್ನೋ ಸಮಾಧಾನವೂ ಮಂಗಳೂರಿಗೆ ಸಿಗಲಿಲ್ಲ. ಉಳ್ಳಾಗಡ್ಡಿ ಬಿಡಿ, ಅದು ಹತ್ತು ತುಣುಕಿನ ಪದ, ಆಚೆ ದಡದಲ್ಲೇ ಉಳಿಯಿತು.

ಆಮೇಲೆ ಒಂದರ ಹಿಂದೆ ಒಂದು ಬಂದವು. ಕಡ್ಲೆಕಾಯಿ ಬಿಡಿಸಿದರೆ ಒಬ್ಬ ಶೇಂಗಾ ಅಂದ, ಒಬ್ಬಳು ನೆಲಕಡಲೆ ಅಂದಳು. ಪೊರಕೆ ಬಿಡಿಸಿದರೆ ಕಸಬರಗಿ ಒಂದು ಕಡೆ, ಹಿಡಿಸೂಡಿ ಇನ್ನೊಂದು ಕಡೆ. ಮಂಗಳೂರಿನವಳು ಗೋಳಿಬಜೆ ಅಂತ ನಾಲ್ಕು ಉಂಡೆ ಬಿಡಿಸಿ, ಪಕ್ಕದಲ್ಲಿ ಚಟ್ನಿ ಬಟ್ಟಲು ಇಟ್ಟರೆ, ಮೈಸೂರಿನವಳು ನಾಲ್ಕು ಸಲ "ಮಂಗಳೂರು ಬೋಂಡಾ" ಅಂತ ಟೈಪ್ ಮಾಡಿದಳು. "ನಮ್ಮ ಊರಲ್ಲಿ ಅದನ್ನು ನಮ್ಮ ಊರಿನ ಬೋಂಡಾ ಅಂತ ಯಾರಾದ್ರೂ ಹೇಳ್ತಾರಾ ಮಾರಾಯ್ತಿ?" ಅಂತ ಇವಳು. ನ್ಯಾಯವಾದ ಪ್ರಶ್ನೆ.

ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ಒಂದೇ ಮೇಜಿನಲ್ಲಿ ಉಂಡವರು ನಾವು. ಆಗ ಈ ಪದಗಳು ಕಿವಿಗೆ ಬಿದ್ದಿರಲಿಲ್ಲ ಅಂತಲ್ಲ. ಆದರೆ ಊಟದ ಮೇಜಿನ ಮೇಲೆ ವಸ್ತುವೇ ಇರುತ್ತದೆ. ಬೆರಳು ತೋರಿಸಿದರೆ ಸಾಕು, ಹೆಸರು ಯಾವುದಾದರೇನು? ಈ ಆಟ ಒಂದು ಚಿತ್ರಕ್ಕೆ ಒಂದೇ ಹೆಸರು ಅಂತ ಹಠ ಹಿಡಿದದ್ದರಿಂದ ನಾವೂ ಹಠ ಹಿಡಿದೆವು. ಕೊನೆಗೆ ಯಂತ್ರದ ಅಂಕಪಟ್ಟಿಯನ್ನೇ ಕೈಬಿಟ್ಟೆವು. ಯಾರ ಊರಿನ ಹೆಸರಾದರೂ ಸರಿ, ಕರೆಯಲ್ಲಿ ಮೊದಲು ಕೂಗಿದವರಿಗೆ ಅಂಕ. ಮಂಗಳೂರಿನವಳು ಒಂದು ಹಳೇ ಡೈರಿಯಲ್ಲಿ ಬರೆದಿಡುತ್ತಿದ್ದಳು. ಅವಳೇ ಗೆಲ್ಲುತ್ತಿದ್ದಳು ಅನ್ನೋದು ಬೇರೆ ವಿಷಯ.

*

ಸುಮ್ನೆ ಹಳೇದು ನೆನಪಾಯ್ತು. ಈ ಹುಚ್ಚು ನಮಗೆ ಮೊದಲ ಸಲ ಹಿಡಿದದ್ದು 2012ರಲ್ಲಿ. ಬೆಂಗಳೂರಿನಲ್ಲಿ ಎಲ್ಲರಿಗೂ ಮೊದಲ ಕೆಲಸ, ಎಲ್ಲರ ಕೈಯಲ್ಲೂ ಮೊದಲ ಟಚ್ ಫೋನು. ಆ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಒಎಂಜಿಪಾಪ್ ಅನ್ನೋ ಸಣ್ಣ ಕಂಪನಿ ಡ್ರಾ ಸಮ್‌ಥಿಂಗ್ ಅನ್ನೋ ಆಟ ಬಿಟ್ಟಿತು. ಐವತ್ತು ದಿನಕ್ಕೆ 5 ಕೋಟಿ ಡೌನ್‌ಲೋಡ್. ಮಾರ್ಚಿನಲ್ಲೇ ಜಿಂಗಾ ಕಂಪನಿ ಸುಮಾರು 18 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡುಕೊಂಡಿತು. ಮುಂದಿನ ವರ್ಷದ ಹೊತ್ತಿಗೆ ಒಎಂಜಿಪಾಪ್ ಬಾಗಿಲು ಹಾಕಿತ್ತು. ಜನ ಬಂದಷ್ಟೇ ಬೇಗ ಬಿಟ್ಟೂ ಹೋದರು.

ನಾವೂ ಬಿಟ್ಟವರೇ. ಆದರೆ ಆ ಮೂರು ತಿಂಗಳು ಚೆನ್ನಾಗಿತ್ತು. ಅದರಲ್ಲಿ ಗಡಿಯಾರ ಇರಲಿಲ್ಲ. ನಾನು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಬಸ್ಸಲ್ಲಿ ಒಂದು ಚಿತ್ರ ಬಿಡಿಸಿ ಕಳಿಸಿದರೆ, ಗುಂಪಿನ ಗೆಳೆಯನೊಬ್ಬ ರಾತ್ರಿ ಮಲಗುವಾಗ ನೋಡಿ ಹೇಳುತ್ತಿದ್ದ. ನಾನು ಬಿಡಿಸಿದ ಒಂದೊಂದು ಗೆರೆಯೂ ಮತ್ತೆ ಅವನ ಮುಂದೆ ಮೂಡುತ್ತಿತ್ತು. ಎಲ್ಲಿ ತಡವರಿಸಿದೆ, ಎಲ್ಲಿ ಅಳಿಸಿದೆ, ಎಲ್ಲಾ ಕಾಣುತ್ತಿತ್ತು. ಪತ್ರದಲ್ಲಿ ಹೊಡೆದುಹಾಕಿದ ಸಾಲು ಕಂಡ ಹಾಗೆ.

ಅದಕ್ಕೂ ಹಿಂದೆ, 1999ರ ಹೊತ್ತಿಗೇ ಐಸ್ಕೆಚ್ ಅಂತ ಒಂದಿತ್ತು. ಈಗಿನ ಬ್ರೌಸರ್ ಆಟಗಳಿಗೆಲ್ಲ ಅದು ಅಜ್ಜ. ಇವೆಲ್ಲಕ್ಕೂ ಮುತ್ತಜ್ಜ, ಕಾಗದ ಪೆನ್ಸಿಲ್ ಹಿಡಿದು ಆಡೋ ಪಿಕ್ಷನರಿ. ಸಿಯಾಟಲ್‌ನಲ್ಲಿ ಹೋಟೆಲ್ ಮಾಣಿಯಾಗಿದ್ದ ರಾಬರ್ಟ್ ಏಂಜೆಲ್ ಅನ್ನೋನು ಡಿಕ್ಷನರಿ ತಿರುವಿಹಾಕಿ, ಬಿಡಿಸೋಕಾಗುವ ಪದಗಳನ್ನು ಹೆಕ್ಕಿ, 1985ರಲ್ಲಿ ಮೊದಲ ಸಾವಿರ ಡಬ್ಬಿ ಮಾಡಿದ. ಡಿಕ್ಷನರಿಯಿಂದ ಪದ ಹೆಕ್ಕುವ ಆಟ ಅಂದರೆ ಒಂದು ಭಾಷೆಯ ಆಟ ಅಂತಲೇ ಅರ್ಥ ತಾನೇ? ನಮ್ಮಲ್ಲಿ ಅದಕ್ಕೆ ಬೇರೆ ದಾರಿ ಇತ್ತು. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂತ ಅಜ್ಜಿ ಹೇಳಿದರೆ ನಾವು ಕಣ್ಣು ಮುಚ್ಚಿ ಚಿತ್ರ ಬಿಡಿಸಿಕೊಂಡು ಮಲ್ಲಿಗೆ ಅನ್ನಬೇಕಿತ್ತು. ಒಗಟಿನಲ್ಲಿ ಪೆನ್ಸಿಲ್ ಕೇಳುವವರ ತಲೆಯೊಳಗೆ.

*

ಮೇ ತಿಂಗಳಲ್ಲಿ ತೀರ್ಥಹಳ್ಳಿಯವನ ಹೆಂಡತಿ ಆಟಕ್ಕೆ ಸೇರಿದರು. ಶಿರಸಿ ಕಡೆಯವರು. ಫೆಬ್ರವರಿಯಲ್ಲಷ್ಟೇ ಮದುವೆ. ಮದುವೆಯಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಪರಿಚಯ ಮಾಡಿಸಿದ್ದ, ಅಷ್ಟೇ ಪರಿಚಯ.

ಆ ಹೊತ್ತಿಗೆ ನಮ್ಮ ಚಿತ್ರಗಳು ಚಿತ್ರಗಳಾಗಿ ಉಳಿದಿರಲಿಲ್ಲ. ನುಗ್ಗೆಕಾಯಿ ಅಂತ ಬಂದರೆ ಒಂದು ದೊಡ್ಡ ಸೊನ್ನೆ ಹಾಕಿ ಅದರೊಳಗೆ ಒಂದು ಸಣ್ಣ ಗೀಟು ಎಳೆದರೆ ಮುಗಿಯಿತು. ಎರಡು ಸೆಕೆಂಡಿಗೆ ಐದೂ ಜನ ಕೂಗುತ್ತಿದ್ದೆವು. ನಮ್ಮ ಮೆಸ್ಸಿನ ಸಾಂಬಾರಿನಲ್ಲಿ ಇಡೀ ಪಾತ್ರೆಗೆ ಒಂದೇ ನುಗ್ಗೆಕಾಯಿ ತುಂಡು ಇರುತ್ತಿತ್ತು ಅನ್ನೋ ಹಳೇ ಜೋಕು ಅದು. ನಿದ್ದೆ ಅಂದರೆ ಮೂರನೇ ಬೆಂಚು. ಸುಳ್ಳು ಅಂದರೆ ಡಲ್ಲಾಸ್‌ನವನ ಮೂಗು.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಸೈಮನ್ ಗ್ಯಾರಡ್ ಅನ್ನೋ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ಇದನ್ನೇ ಪ್ರಯೋಗ ಮಾಡಿ ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ಕೆಲಸ. ಜೋಡಿಗಳನ್ನು ಕೂರಿಸಿ, ಅವೇ ಪದಗಳನ್ನು ಮತ್ತೆ ಮತ್ತೆ ಬಿಡಿಸಿ ಹೇಳಿಸಿದರು. ಮೊದಲ ಸುತ್ತಿನಲ್ಲಿ ವಿವರವಾದ ಚಿತ್ರ. ಸುತ್ತು ಕಳೆದಂತೆ ಒಂದೆರಡು ಗೆರೆಗೆ ಇಳಿಯಿತು, ಸಂಕೇತವೇ ಆಗಿಹೋಯಿತು. ಆದರೆ ಎದುರಿನವರಿಂದ ಉತ್ತರವೇ ಬಾರದ ಹಾಗೆ ಮಾಡಿದಾಗ ಚಿತ್ರ ಸಣ್ಣದಾಗಲಿಲ್ಲ, ಇನ್ನಷ್ಟು ಗೆರೆ ಸೇರಿಕೊಂಡಿತು. ಲಿಪಿಗಳು ಹೀಗೇ ಹುಟ್ಟಿರಬಹುದೇ ಅನ್ನೋದು ಅವರ ಕುತೂಹಲ. ನನಗೆ ಅದನ್ನು ಓದಿದಾಗ ನೆನಪಾದದ್ದು ಸೊನ್ನೆಯೊಳಗಿನ ಗೀಟು.

ಅವತ್ತು ತೀರ್ಥಹಳ್ಳಿಯವನ ಹೆಂಡತಿಗೆ ಕಂಡದ್ದೂ ಅಷ್ಟೇ. ಸೊನ್ನೆ, ಗೀಟು, ಮತ್ತೆ ಐದು ಜನರ ಕೂಗು. "ಇದು ಹೇಗೆ ನುಗ್ಗೆಕಾಯಿ?" ಅಂತ ಕೇಳಿದರು. ಆರು ಜನರೂ ಒಟ್ಟಿಗೆ ವಿವರಿಸಲು ಹೊರಟೆವು. ವಿವರಿಸುತ್ತಾ ವಿವರಿಸುತ್ತಾ ನಮಗೇ ಅದು ಅಷ್ಟೇನೂ ನಗುವಂಥದ್ದಲ್ಲ ಅಂತ ಗೊತ್ತಾಯಿತು. ಎರಡು ಸುತ್ತು ಆದ ಮೇಲೆ, ಅಡುಗೆಗೆ ಹೊತ್ತಾಯ್ತು ಅಂತ ಎದ್ದರು. ರಾತ್ರಿ ಒಂಬತ್ತೂವರೆಗೆ ಎಂಥ ಅಡುಗೆ? ನಮಗೆಲ್ಲ ಮುಖ ಸಣ್ಣದಾಯಿತು. ಆದರೂ ಆಟ ಮುಂದುವರಿಸಿದೆವು. ಅದನ್ನು ನೆನೆದರೆ ಈಗಲೂ ಸ್ವಲ್ಪ ನಾಚಿಕೆಯಾಗುತ್ತದೆ.

ಮುಂದಿನ ಭಾನುವಾರ ಅವರೇ ಮೊದಲು ಬಂದು ಕೂತಿದ್ದರು. "ನಾನು ನಿಮ್ಮ ಕಾಲೇಜಲ್ಲಿ ಓದಿಲ್ವಲ್ಲ" ಅಂದರು, ನಗುತ್ತಲೇ. "ಇವತ್ತು ನಿಮಗೆ ಯಾರಿಗೂ ಗೊತ್ತಿಲ್ಲದ್ದು ಹಾಕೋಣ. ಎಲ್ಲರೂ ಒಂದ್ಸಲ ದಡ್ಡರಾಗೋಣ."

ಅವರು ಬಿಡಿಸಿದ್ದು ಒಂದು ದೋಣಿಯನ್ನು ಬೋರಲು ಹಾಕಿದ ಹಾಗಿತ್ತು. ಕೆಳಗೆ ಒಂದು ಮುಖ, ಮೀಸೆ. ಹುಬ್ಬಳ್ಳಿಯವನು ಗಾಂಧಿ ಟೋಪಿ ಅಂದ. ನಾನು ಹೆಲ್ಮೆಟ್ ಅಂದೆ. ಮಂಗಳೂರಿನವಳು ಒಬ್ಬಳೇ ಕುರ್ಚಿಯಿಂದ ಎದ್ದು ನಿಂತು "ಮುಟ್ಟಾಳೆ! ಮುಟ್ಟಾಳೆ!" ಅಂದಳು. ಅವರ ಪಟ್ಟಿಯಲ್ಲಿದ್ದದ್ದು ಹಾಳೆಟೊಪ್ಪಿ. ಅಡಿಕೆ ಹಾಳೆಯಿಂದ ಮಾಡೋದು. ತೋಟದವರ ಮನೆಗಳಲ್ಲಿ ಶಿರಸಿಯಲ್ಲಾದರೂ ಕರಾವಳಿಯಲ್ಲಾದರೂ ಒಂದೇ ಟೋಪಿ. ಇಬ್ಬರೂ ಅವತ್ತು ಆಟ ಮುಗಿದ ಮೇಲೂ ಅರ್ಧ ಗಂಟೆ ಮಾತಾಡಿದರು, ಉಳಿದವರನ್ನು ಮರೆತು.

*

ಆಮೇಲೆ ಪ್ರತಿ ವಾರ ಒಬ್ಬೊಬ್ಬರ ಮನೆಯ ದೊಡ್ಡವರಿಂದ ಎರಡು ಪದ ತರಬೇಕು ಅಂತ ಆಯಿತು.

"ಅಮ್ಮ, ಎರಡು ಪದ ಹೇಳಮ್ಮ."

"ಎಂಥ ಪದ?"

"ನಮಗೆ ಗೊತ್ತಿಲ್ಲದ್ದು."

"ನಿನಗೆ ಗೊತ್ತಿಲ್ಲದ್ದು ಅಂದ್ರೆ ಎರಡಕ್ಕೆ ನಿಲ್ಲುತ್ತಾ?"

ಬಿಡಿಸೋದನ್ನೂ ತಾನೇ ಮಾಡುತ್ತೇನೆ ಅಂದರು. ಫೋನನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. ಬೆರಳನ್ನು ಒಂದು ಸಲ ಸೆರಗಿಗೆ ಒರೆಸಿಕೊಂಡರು. ಮೊದಲು ಮೇಲೆ ಒಂದು ಪುಟ್ಟ ಬಳೆ. ಅದರ ಕೆಳಗೆ ಇನ್ನೊಂದು, ಸ್ವಲ್ಪ ದೊಡ್ಡದು. ಆ ದೊಡ್ಡ ಬಳೆಯಿಂದ ಕೆಳಗೆ ಒಂದು ಗೆರೆ, ಗೆರೆಯ ತುದಿ ಮೇಲಕ್ಕೆ ಬಾಗಿ ಚೂಪಾಯಿತು. ಪಕ್ಕದಲ್ಲಿ ಇನ್ನೊಂದು. ಮತ್ತೊಂದು. ಅವರಿಗೆ ಅವಸರವೇ ಇರಲಿಲ್ಲ. ಒಂದು ಕೊಕ್ಕೆ ಸರಿಯಾಗಿ ಬಾಗಲಿಲ್ಲ ಅಂತ ಬೆರಳಿನಿಂದ ಉಜ್ಜಿ ಅಳಿಸಲು ನೋಡಿದರು. ಅದು ಇನ್ನಷ್ಟು ಕಪ್ಪಾಯಿತು. "ಇರಲಿ ಬಿಡು, ಅದು ತುಕ್ಕು ಹಿಡಿದಿದ್ದು" ಅಂದರು.

ಚಾಟ್‌ನಲ್ಲಿ: ಆಕ್ಟೋಪಸ್. ಜೇಡ. ಫ್ಯಾನು. ತೂಗುದೀಪ. ಮತ್ತೆ ಆಕ್ಟೋಪಸ್, ಈ ಸಲ ಡಲ್ಲಾಸ್‌ನಿಂದ, ಮೂರು ಆಶ್ಚರ್ಯಸೂಚಕ ಹಾಕಿ. ಮೇಲೆ ಒಂಬತ್ತು ಗೀಟು. ಎಂಬತ್ತು ಸೆಕೆಂಡು ಮುಗಿಯಿತು. ಉತ್ತರ ತೆರೆಯಿತು. ಪಾತಾಳಗರಡಿ.

ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಗೂಗಲ್‌ನವರು 2016ರಲ್ಲಿ ಕ್ವಿಕ್ ಡ್ರಾ ಅಂತ ಒಂದು ಆಟ ಮಾಡಿದರು. ಅಲ್ಲಿ ಊಹಿಸುವವನು ಮನುಷ್ಯನಲ್ಲ, ಯಂತ್ರ. ಇಪ್ಪತ್ತು ಸೆಕೆಂಡು ಟೈಮು. ಜನ ಬಿಡಿಸಿದ್ದನ್ನೆಲ್ಲ ಕೂಡಿಟ್ಟು 345 ಬಗೆಯ ವಸ್ತುಗಳ 5 ಕೋಟಿ ಚಿತ್ರಗಳನ್ನು ಯಾರು ಬೇಕಾದರೂ ನೋಡಲಿ ಅಂತ ತೆರೆದಿಟ್ಟರು. ಆ ಪಟ್ಟಿಯನ್ನು ನಾನು ಆಮೇಲೊಮ್ಮೆ ಕೂತು ಓದಿದೆ. ಈರುಳ್ಳಿ ಇದೆ. ಕಡ್ಲೆಕಾಯಿ ಇದೆ, ಪೊರಕೆಯೂ ಇದೆ. ಆಕ್ಟೋಪಸ್, ಜೇಡ, ಫ್ಯಾನು, ತೂಗುದೀಪ, ನಾವು ಹೇಳಿದ ನಾಲ್ಕಕ್ಕೆ ನಾಲ್ಕೂ ಇವೆ! ಬಕೆಟ್ಟು ಕೂಡ ಇದೆ. ಬಾವಿಗೆ ಬಿದ್ದ ಬಕೆಟ್ಟನ್ನು ಎತ್ತೋ ಸಾಮಾನು ಮಾತ್ರ ಇಲ್ಲ. ಅಂದರೆ ಅವತ್ತು ನಾವೂ ಆ ಯಂತ್ರವೂ ಒಂದೇ ಪಟ್ಟಿ ಇಟ್ಟುಕೊಂಡು ಕೂತಿದ್ದೆವು.

ಅಮ್ಮ ಫೋನನ್ನು ಬಾಯಿಗೆ ಹತ್ತಿರ ಹಿಡಿದು, ದೂರದವರಿಗೆ ಕೇಳಿಸಲಿ ಅನ್ನುವ ಹಾಗೆ ಜೋರಾಗಿ ಹೇಳತೊಡಗಿದರು. ಹಗ್ಗ ಹರಿದು ಕೊಡಪಾನ ಬಾವಿಗೆ ಬೀಳುತ್ತಿತ್ತು. ಇಡೀ ಬೀದಿಗೆ ಪಾತಾಳಗರಡಿ ಇದ್ದದ್ದು ಒಂದೇ ಮನೆಯಲ್ಲಿ. ಸುಮ್ಮನೆ ಕೊಡುತ್ತಿರಲಿಲ್ಲ, ಒಂದು ಚೊಂಬು ಒತ್ತೆ ಇಟ್ಟು ತರಬೇಕಿತ್ತು. ಹಗ್ಗಕ್ಕೆ ಕಟ್ಟಿ ಇಳಿಸಿ, ತಳ ಮುಟ್ಟಿದ ಮೇಲೆ ಮೆಲ್ಲಗೆ ಸುತ್ತಿಸಬೇಕು. ಕೈಗೆ ಟಕ್ ಅಂತ ಗೊತ್ತಾಗುತ್ತದೆ. "ನಮ್ಮ ಕೊಡಪಾನಕ್ಕೆ ಅಂತ ಬಿಟ್ರೆ ಎರಡು ವರ್ಷದ ಹಿಂದೆ ಬಿದ್ದಿದ್ದ ಯಾರದೋ ಲೋಟ ಮೊದಲು ಬರೋದು" ಅಂದರು.

"ಆಂಟಿ, ಗರಡಿನಾ ಗರುಡನಾ?" ಅಂತ ತೀರ್ಥಹಳ್ಳಿಯವನು ಕೇಳಿದ.

"ಏನಾದ್ರೂ ಅನ್ಕೋ. ಕೊಡ ಮೇಲೆ ಬಂದ್ರೆ ಸರಿ."

ಮಂಗಳೂರಿನವಳ ಡೈರಿಯಲ್ಲಿ ಅವತ್ತು ಅಮ್ಮನ ಹೆಸರಿಗೆ ಎಷ್ಟು ಅಂಕ ಹಾಕಬೇಕು ಅಂತ ಚರ್ಚೆ ಆಯಿತು. ನಿಯಮದ ಪ್ರಕಾರ ಸೊನ್ನೆ. ಯಾರಿಗೂ ಗೊತ್ತಾಗಲಿಲ್ಲವಲ್ಲ! ಹುಬ್ಬಳ್ಳಿಯವನು "ನೂರು ಹಾಕಲೇ" ಅಂದ. ಹಾಕಿದಳು.

*

ಅಮ್ಮ ಜೂನ್‌ನಲ್ಲಿ ಊರಿಗೆ ಹೋದರು. ನಮ್ಮ ಭಾನುವಾರಗಳು ಇನ್ನೂ ಒಂದು ವರ್ಷ ನಡೆದವು. ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ. ಆಫೀಸುಗಳು ತೆರೆದವು, ಮಕ್ಕಳು ಹುಟ್ಟಿದವು. ನನಗೇನೂ ಅದರ ಬಗ್ಗೆ ದೂರಿಲ್ಲ. ಪ್ರತಿ ವಾರ ಮೂರು ಗಂಟೆ ಕೂತು ಕಡ್ಡಿ ಕುದುರೆ ಬಿಡಿಸಲು ಒಂದು ಊರೇ ಮುಚ್ಚಬೇಕು.

ಒಂದು ಗುರುತು ಮಾತ್ರ ಗುಂಪಿನಲ್ಲಿ ಉಳಿಯಿತು. ಯಾರಾದರೂ ಬಹಳ ದಿನ ಮಾತಾಡದೇ ಇದ್ದರೆ ಯಾರೋ ಒಬ್ಬರು ಎರಡು ಬಳೆ, ಮೂರು ಕೊಕ್ಕೆ ಬಿಡಿಸಿ ಹಾಕುತ್ತಾರೆ. ಹಾಕಿದರೆ ಬಂದು ಹಾಜರಿ ಹೇಳಬೇಕು.

2022ರ ಕೊನೆಯಲ್ಲಿ ಡಲ್ಲಾಸ್‌ನವನು ಮಾಯವಾದ. ಕೆಲಸ ಹೋಗಿತ್ತು ಅಂತ ಆಮೇಲೆ ಗೊತ್ತಾಯಿತು. ಫೋನ್ ಎತ್ತುತ್ತಿರಲಿಲ್ಲ. ಗುಂಪಿನಲ್ಲಿ ಏನು ಹಾಕಿದರೂ ಉತ್ತರ ಇಲ್ಲ. ದೀಪಾವಳಿ ಶುಭಾಶಯಕ್ಕೂ ಇಲ್ಲ, ಹೊಸ ವರ್ಷಕ್ಕೂ ಇಲ್ಲ. ಜನವರಿಯ ಒಂದು ಭಾನುವಾರ ಮಂಗಳೂರಿನವಳು ಆ ಹಳೇ ಡೈರಿಯ ಹಿಂದಿನ ಪುಟದಲ್ಲಿ ಬಾಲ್‌ಪೆನ್ನಿನಿಂದ ಅದನ್ನು ಬಿಡಿಸಿ, ಫೋಟೊ ತೆಗೆದು ಹಾಕಿದಳು. ಅವಳು ಎಂಟು ಕೊಕ್ಕೆ ಹಾಕಿದ್ದಳು. ಕೆಳಗೆ ಒಂದು ಮಾತೂ ಬರೆದಿರಲಿಲ್ಲ. ಟಿಕ್ಕುಗಳು ನೀಲಿಯಾದವು. ಅಷ್ಟೇ.

ಮೂರು ದಿನ ಆದ ಮೇಲೆ, ನಮಗೆ ಸಂಜೆ ಏಳಾಗಿತ್ತು, ಅವನ ಹೆಸರು ಮೇಲೆ ಬಂತು. ಒಂದೇ ಪದ.

"ಆಕ್ಟೋಪಸ್."

ಅವತ್ತು ಬುಧವಾರ. ಮಗುವಿನ ಊಟ ಇನ್ನೂ ಆಗಿರಲಿಲ್ಲ, ಹುಬ್ಬಳ್ಳಿಯವನು ರೈಲಿನಲ್ಲಿದ್ದ. ತೀರ್ಥಹಳ್ಳಿಯವನ ಹೆಂಡತಿ ಲಿಂಕ್ ಹಾಕಿದರು.